ಪಾಕಕ್ಕೂ ಜ್ವರ ಬತ್ತದಾ?

ಏನಾದರೂ ಬರೆದು ಬಹಳ ದಿನ ಆಯ್ತು. ಕೆಲಸ, ರಿಲೀಸ್, ಮತ್ತೆ ಕೆಲಸ.. ನೆಪಗಳಿಗೇನು ಬರವೇ? ಮೊನ್ನೆ ಮೂರು ದಿನ ಒಟ್ಟಿಗೆ ರಜ ಸಿಕ್ಕಿತು ಅಂತ ಊರಿಗೆ ಹೋಗಿದ್ದೆ. ನಮ್ಮೂರು ಚನ್ನಪಟ್ಟಣ ತಾಲೂಕಿನ ಅಕ್ಕೂರು. ಹೋಗುವಾಗ ಬ್ಯಾಗಿನಲ್ಲಿ ಎರಡು ವಿಚಿತ್ರ ಸಾಮಾನುಗಳಿದ್ದವು. ಒಂದು ಪ್ಯಾಕೆಟ್ ಕೋಕೋ ಪುಡಿ, ಮತ್ತೊಂದು ಅಡುಗೆಗೆ ಬಳಸುವ ಥರ್ಮಾಮೀಟರ್.

ಇದಕ್ಕೆಲ್ಲ ಕಾರಣ ನನ್ನ ತಂಗಿ. ಆಫೀಸಿನಲ್ಲಿ ಯಾರೋ ಅಮೆರಿಕದಿಂದ ತಂದಿದ್ದ ಚಾಕಲೇಟ್ ಫಡ್ಜ್ ಎರಡು ತುಂಡು ಉಳಿಸಿಕೊಂಡು ಬಂದು ಅವಳಿಗೆ ಕೊಟ್ಟಿದ್ದೆ. ತಿಂದವಳೇ, "ಅಣ್ಣ, ಇದು ನಮ್ಮ ಕೊಬ್ರಿ ಮಿಠಾಯಿ ಥರಾನೇ ಇದೆ, ಕೊಬ್ರಿ ಬದಲು ಚಾಕಲೇಟ್ ಅಷ್ಟೇ. ಮನೇಲೇ ಮಾಡೋಣ" ಅಂದಳು. ಇಂಜಿನಿಯರಿಂಗ್ ಓದಿದವನು ಸುಮ್ಮನಿರೋಕಾಗುತ್ತಾ? ಎರಡು ವಾರ ಅದರ ಬಗ್ಗೆ ಓದಿದ್ದೇ ಓದಿದ್ದು. ಮಾಡುವ ವಿಧಾನ ಹುಡುಕಲು ಹೋದವನಿಗೆ ಸಿಕ್ಕಿದ್ದು ಚರಿತ್ರೆ. ಹಾಗಾಗಿ ಈ ಬರಹ.

ಮೊದಲು ಫಡ್ಜ್ ಕತೆ ಹೇಳಿಬಿಡ್ತೀನಿ. ನೂರಾರು ವರ್ಷಗಳ ಹಿಂದಿನ ತಿಂಡಿ ಇರಬೇಕು ಅಂದುಕೊಂಡಿದ್ದೆ, ಅಲ್ಲವಂತೆ. ಇದರ ಬಗ್ಗೆ ಸಿಗುವ ಅತಿ ಹಳೆಯ ದಾಖಲೆಗಳಲ್ಲೊಂದು ಒಬ್ಬ ವಿದ್ಯಾರ್ಥಿನಿಯ ಪತ್ರ. ನ್ಯೂಯಾರ್ಕ್ ರಾಜ್ಯದಲ್ಲಿ ವಾಸರ್ ಅಂತ ಒಂದು ಕಾಲೇಜಿದೆ. 1861ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಸ್ಥಾಪನೆಯಾದದ್ದು. ಅಲ್ಲಿ ಓದುತ್ತಿದ್ದ ಎಮೆಲಿನ್ ಬ್ಯಾಟರ್ಸ್ಬಿ ಹಾರ್ಟ್ರಿಜ್ ಬರೆದಿರುವ ಪ್ರಕಾರ, 1886ರಲ್ಲಿ ಆಕೆಯ ಸಹಪಾಠಿಯೊಬ್ಬಳ ಸಂಬಂಧಿ ಬಾಲ್ಟಿಮೋರ್ ಊರಿನಲ್ಲಿ ಫಡ್ಜ್ ಮಾಡುತ್ತಿದ್ದರು, ಅದು ಅಲ್ಲಿ ಪೌಂಡಿಗೆ 40 ಸೆಂಟ್‌ನಂತೆ ಮಾರಾಟವಾಗುತ್ತಿತ್ತು. ಎಮೆಲಿನ್ ಮಾಡುವ ಕ್ರಮ ಕೇಳಿ ತಿಳಿದುಕೊಂಡು, 1888ರಲ್ಲಿ ಕಾಲೇಜಿನ ಹರಾಜಿಗೆ ಅಂತ 30 ಪೌಂಡ್, ಅಂದರೆ ಹದಿಮೂರೂವರೆ ಕೆಜಿ, ಫಡ್ಜ್ ಮಾಡಿದಳು. ಆಮೇಲೆ ಕೇಳಬೇಕೆ? ಹಾಸ್ಟೆಲ್ ಹುಡುಗಿಯರಿಗೆ ಹುಚ್ಚು ಹಿಡಿಯಿತು. ರಾತ್ರಿ ದೀಪ ಆರಿಸುವ ಹೊತ್ತಾದ ಮೇಲೂ ಕೋಣೆಗಳಲ್ಲಿ ಕದ್ದು ಕುದಿಸುತ್ತಿದ್ದರಂತೆ. ಅಲ್ಲಿಂದ ವೆಲ್ಸ್ಲಿ, ಸ್ಮಿತ್ ಮುಂತಾದ ಇತರ ಮಹಿಳಾ ಕಾಲೇಜುಗಳಿಗೂ ಅದು ಹಬ್ಬಿತು. (ಕದ್ದು ಮ್ಯಾಗಿ ಮಾಡಿದ ನಮ್ಮ ಹಾಸ್ಟೆಲ್ ನೆನಪಾಯಿತು. ಅದಕ್ಕೆ ಮಾತ್ರ ಯಾರೂ ಚರಿತ್ರೆ ಬರೆಯಲ್ಲ :-) )

ವಾಸರ್ ಫಡ್ಜಿನ ಅಳತೆ ಸರಳ. ಎರಡು ಕಪ್ ಸಕ್ಕರೆ, ಒಂದು ಕಪ್ ಕ್ರೀಮ್, ಎರಡು ಔನ್ಸ್ (ಸುಮಾರು 57 ಗ್ರಾಂ) ಸಿಹಿಯಿಲ್ಲದ ಚಾಕಲೇಟ್, ಒಂದು ಚಮಚ ಬೆಣ್ಣೆ. ಅಷ್ಟೇ. ಉಳಿದದ್ದೆಲ್ಲ ಪಾಕದ ಹದ.

ಆ ಹದದಲ್ಲೇ ನಾನು ಎಡವಿದ್ದು.

ಶನಿವಾರ ಬೆಳಗ್ಗೆ ಗ್ಯಾಸ್ ಒಲೆ ಮೇಲೆ ಬಾಣಲೆ ಇಟ್ಟೆ. ಸಕ್ಕರೆ, ನಮ್ಮನೆ ಹಸುವಿನ ಗಟ್ಟಿ ಹಾಲು, ಕೆನೆ, ಅರ್ಧ ಕಪ್ ಕೋಕೋ ಪುಡಿ. ಓದಿದ ಕಡೆಯೆಲ್ಲ ಪಾಕ 112ರಿಂದ 116 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅಂತಿತ್ತು. ಥರ್ಮಾಮೀಟರ್ ಅದ್ದಿಕೊಂಡು ನಿಂತಿದ್ದೆ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜಿ ಕೇಳಿತು:

"ಅದ್ಯಾವ ಕಡ್ಡೀಲಾ ಮಗಾ?"

"ಬಿಸಿ ಎಷ್ಟಿದೆ ಅಂತ ನೋಡೋದು ಅಜ್ಜಿ."

"ಪಾಕಕ್ಕೂ ಜ್ವರ ಬತ್ತದಾ?"

ಅಮ್ಮ, ತಂಗಿ ಇಬ್ಬರೂ ನಕ್ಕರು. ನಾನು ಗಂಭೀರವಾಗಿ 116 ಬರುವವರೆಗೂ ಕಾದೆ. ತಟ್ಟೆಗೆ ತುಪ್ಪ ಸವರಿ ತರುವಷ್ಟರಲ್ಲಿ 118 ಆಗಿತ್ತು. ಇಳಿಸಿ ಮಗುಚಲು ಶುರು ಮಾಡಿದ ಎರಡು ನಿಮಿಷಕ್ಕೆ ಬಾಣಲೆಯಲ್ಲೇ ಕಲ್ಲಾಯಿತು! ಚಾಕುವಿನಲ್ಲಿ ಕುಟ್ಟಿದರೆ ಪುಡಿ ಪುಡಿ. ಅಜ್ಜಿ ಒಂದೇ ಮಾತು ಹೇಳಿತು, "ಆಗ್ಲೇ ಇಳಿಸ್ಬೇಕಿತ್ತು. ವಾಸ್ನೆ ಬಂತಲ್ಲ." ವಾಸನೆ ನನಗೆ ಬಂದೇ ಇರಲಿಲ್ಲ.

ಮಧ್ಯಾಹ್ನ ಕೂತು ಯೋಚಿಸಿದೆ. ತಪ್ಪು ಎಲ್ಲಾಯಿತು? ಸುಮ್ಮನೆ ನೀರು ಕುದಿಸಿ ಥರ್ಮಾಮೀಟರ್ ಇಟ್ಟು ನೋಡಿದೆ. 97.5 ತೋರಿಸಿತು, 100 ಅಲ್ಲ. ಆಗ ಹೊಳೆಯಿತು. ಚನ್ನಪಟ್ಟಣ ಸಮುದ್ರಮಟ್ಟದಿಂದ ಸುಮಾರು 740 ಮೀಟರ್ ಎತ್ತರದಲ್ಲಿದೆ. ಹೆಚ್ಚುಕಡಿಮೆ ಪ್ರತಿ 300 ಮೀಟರಿಗೆ ನೀರು ಕುದಿಯುವ ಬಿಸಿ ಒಂದು ಡಿಗ್ರಿ ಇಳಿಯುತ್ತದೆ. ಪಾಕವೂ ಅಷ್ಟೇ. ಡಿಗ್ರಿ ಲೆಕ್ಕ ನಿಜವಾಗಿ ಹೇಳುವುದು ಪಾಕದಲ್ಲಿ ನೀರು ಎಷ್ಟು ಉಳಿದಿದೆ ಅನ್ನೋದನ್ನ. ಪುಸ್ತಕದ ಅಂಕಿ ಸಮುದ್ರಮಟ್ಟದ್ದು. ನಮ್ಮೂರಲ್ಲಿ 110-112ಕ್ಕೇ ಇಳಿಸಬೇಕಿತ್ತು. 118 ಅಂದರೆ ಅಲ್ಲಿಯ 120ರ ಮೇಲೆ, ಫಡ್ಜ್ ಹದ ದಾಟಿ ಹೋದಂತೆ. ಅಜ್ಜಿಯ ಮೂಗಿಗೆ ಮಾತ್ರ ಈ ತಿದ್ದುಪಡಿ ಬೇಕಿರಲಿಲ್ಲ.

ಬಾಣಲೆ ನೆನೆಯಲು ಹಾಕಿ ಇನ್ನೊಂದು ವಿಷಯ ಯೋಚಿಸುತ್ತಿದ್ದೆ. ಈ ಬಾಣಲೆಯೊಳಗೆ ಬಿದ್ದ ಒಂದೊಂದು ಸಾಮಾನೂ ನಮ್ಮೂರಿಗೆ ಬಂದದ್ದು ಹೇಗೆ?

ಸಕ್ಕರೆಯಿಂದಲೇ ಶುರು ಮಾಡೋಣ. ಹೆಸರಿನಲ್ಲಿ ನಾವೇನೂ ಸಾಲಗಾರರಲ್ಲ. ಸಂಸ್ಕೃತದ ಶರ್ಕರಾ ಅರಬರ ಮೂಲಕ ಯೂರೋಪಿಗೆ ಹೋಗಿ ಶುಗರ್ ಆಯಿತು, ಖಂಡ ಹೋಗಿ ಕ್ಯಾಂಡಿ ಆಯಿತು. ಕನ್ನಡದಲ್ಲೇ ಪಾಕದ ವಿದ್ಯೆಗೆ ಸಾವಿರ ವರ್ಷದ ಬರವಣಿಗೆಯಿದೆ. 1025ರ ಸುಮಾರಿನ ಎರಡನೇ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೊಂದು ಭಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜಭೋಜನದ ವಿವರಗಳಿವೆ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಷಟ್ಪದಿಯಲ್ಲೇ 'ಸೂಪಶಾಸ್ತ್ರ' ಬರೆದ. ಆದರೆ ಹಳ್ಳಿಯ ಒಲೆ ಮುಂದೆ ಬಿಳಿ ಸಕ್ಕರೆ ದಿನಬಳಕೆಗೆ ಬಂದದ್ದು ಬಹಳ ಈಚೆಗೆ. ನಮ್ಮ ಕಡೆ ಮೊದಲಿನಿಂದ ಬೆಲ್ಲದ್ದೇ ರಾಜ್ಯ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, ನಾಲೆಯ ನೀರು ಮಂಡ್ಯದ ಹೊಲಗಳಿಗೆ ಹರಿದು, ಕಬ್ಬು ಬೆಳೆದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ (ನಮ್ಮೆಲ್ಲರ ಬಾಯಲ್ಲಿ ಮೈಷುಗರ್) ಹುಟ್ಟಿತು. ಅದರ ಹಿಂದೆ ಇದ್ದವರಲ್ಲಿ ಪ್ರಮುಖರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ, ಕೆನಡಾ ದೇಶದ ಲೆಸ್ಲಿ ಕೋಲ್ಮನ್. ನಮ್ಮಜ್ಜಿ ಚಿಕ್ಕವಳಿದ್ದಾಗ ಸಕ್ಕರೆ ಅಂದರೆ ನೆಂಟರು ಬಂದಾಗ ಕಾಫಿಗೆ ಮಾತ್ರವಂತೆ. ಕೊಬ್ರಿ ಮಿಠಾಯಿ ಬೆಲ್ಲದ್ದೇ.

ಇನ್ನು ಕೋಕೋ. ಇದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಗಿಡ. 1753ರಲ್ಲಿ ಲಿನೇಯಸ್ ಇದಕ್ಕೆ 'ದೇವರ ಆಹಾರ' ಅಂತ ಅರ್ಥ ಬರುವ ಥಿಯೋಬ್ರೋಮಾ ಹೆಸರಿಟ್ಟ. ಹಾಲೆಂಡಿನ ವಾನ್ ಹೌಟನ್ ಮನೆತನ 1828ರಲ್ಲಿ ಬೀಜದಿಂದ ಕೊಬ್ಬು ಹಿಂಡುವ ಪ್ರೆಸ್ಸಿಗೆ ಪೇಟೆಂಟ್ ಪಡೆದ ಮೇಲೆ ಕೋಕೋ ಪುಡಿ ಅಗ್ಗವಾಗಿ ಸಿಗಲು ಶುರುವಾಯಿತು. ಅಮೆರಿಕದ ಹಾಸ್ಟೆಲ್ಲಿಗೆ ಚಾಕಲೇಟ್ ಬರಲೂ ಇಂಥ ಯಂತ್ರಗಳೇ ಕಾರಣ.

ಕರ್ನಾಟಕಕ್ಕೆ ಬಂದರೆ ಕತೆ ಇನ್ನೂ ಸ್ವಾರಸ್ಯ. ನನ್ನ ಬ್ಯಾಗಿನಲ್ಲಿದ್ದ ಪ್ಯಾಕೆಟ್ ಕೊಟ್ಟವನು ಕಾಲೇಜಿನ ರೂಮ್‌ಮೇಟ್, ಪುತ್ತೂರಿನ ಕಡೆಯವನು. ಅವರ ಅಡಿಕೆ ತೋಟದ ನೆರಳಲ್ಲಿ ಕೋಕೋ ಗಿಡಗಳಿವೆ. 1960-70ರ ದಶಕಗಳಲ್ಲಿ ಕೇರಳ ಮತ್ತು ದಕ್ಷಿಣ ಕನ್ನಡದ ರೈತರು ಕಂಪನಿಯ ಪ್ರೋತ್ಸಾಹ ನಂಬಿ ಅಡಿಕೆ, ತೆಂಗಿನ ನಡುವೆ ಕೋಕೋ ಹಾಕಿದರು. ಗಿಡ ಫಸಲಿಗೆ ಬಂದಿತು. ಅಷ್ಟರಲ್ಲಿ, 1970ರ ದಶಕದ ಕೊನೆಗೆ, ಬೆಲೆ ಕುಸಿದು ಕೊಳ್ಳುತ್ತಿದ್ದವರು ಹಿಂದೆ ಸರಿದರು. ಕೋಕೋ ಕಾಯಿ ಒಡೆದು ತೆಗೆದ ಹಸಿ ಬೀಜ ಇಟ್ಟುಕೊಂಡು ಕಾಯುವ ಸರಕಲ್ಲ, ಹುದುಗಿಸಿ ಒಣಗಿಸಬೇಕು. ಕೊಳ್ಳುವವರಿಲ್ಲದಿದ್ದರೆ ಕೊಳೆತು ಹೋಗುತ್ತೆ. ಮನೆಯಲ್ಲಿ ಮಾಡಿ ತಿನ್ನೋಣ ಅಂದರೆ ಆಗ ನಮ್ಮಲ್ಲಿ ಯಾರಿಗೂ ಅದರ ಅಡುಗೆ ಗೊತ್ತಿಲ್ಲ!

ಆಗ ನೆರವಿಗೆ ಬಂದದ್ದು ಕ್ಯಾಂಪ್ಕೋ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳಿಗೆ ಸೇರಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. ಅವರು ಕೋಕೋ ಕೊಳ್ಳಲು ಶುರು ಮಾಡಿದರು. ಬರೀ ಬೀಜ ಕೊಂಡು ಮಾರಿದರೆ ಮತ್ತೆ ಬೆಲೆಯ ಹಗ್ಗ ಬೇರೆಯವರ ಕೈಲಿ. ಅದಕ್ಕೆ 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕಲೇಟ್ ಕಾರ್ಖಾನೆಯನ್ನೇ ತೆರೆದರು. ನಾವು ಚಿಕ್ಕವರಿದ್ದಾಗ ತಿಂದ ಕ್ಯಾಂಪ್ಕೋ ಬಾರ್, ಮೆಲ್ಟೋ ಎಲ್ಲ ರೈತರ ಕಾರ್ಖಾನೆಯದ್ದು ಅಂತ ನನಗೆ ಗೊತ್ತೇ ಇರಲಿಲ್ಲ. 2024ರಲ್ಲಿ ಜಾಗತಿಕ ಮಾರುಕಟ್ಟೆಯಲ್ಲಿ ಕೋಕೋ ಟನ್ನಿಗೆ 10,000 ಡಾಲರ್ ದಾಟಿದಾಗ ನನ್ನ ಗೆಳೆಯ ಫೋನ್ ಮಾಡಿ, "ನಮ್ಮಜ್ಜ ಸಿಟ್ಟಲ್ಲಿ ಕಡಿದು ಹಾಕದೆ ಬಿಟ್ಟ ಗಿಡಗಳು ಮಾರಾಯ" ಅಂದಿದ್ದ.

ಇನ್ನು ಮೂರನೆಯದು ಹಾಲು. ಅದಕ್ಕೇನೂ ಹೆಚ್ಚು ಹೇಳಬೇಕಾಗಿಲ್ಲ, ನಮ್ಮ ಹಳ್ಳಿಗಳು ನಡೆಯುತ್ತಿರುವುದೇ ರೇಷ್ಮೆ ಮತ್ತು ಡೈರಿ ಹಾಲಿನ ಮೇಲೆ.

ಇಷ್ಟೆಲ್ಲ ಯೋಚಿಸುವಾಗ ಒಂದು ವಿಷಯ ತಲೆಗೆ ಬಂತು. ಫಡ್ಜ್ ಅಂದರೆ ಎಮೆಲಿನ್ ಹೆಸರು ಬರುತ್ತೆ, ಯಾಕೆಂದರೆ ಆಕೆ ಪತ್ರ ಬರೆದಿಟ್ಟಳು. ಮೈಸೂರು ಪಾಕ್ ಅಂದರೆ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ಹೆಸರು ಹೇಳುತ್ತಾರೆ, ಯಾಕೆಂದರೆ ಅದು ಅರಮನೆ. ಧಾರವಾಡ ಪೇಡೆಗೆ ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನದ ಹೆಸರು, ಯಾಕೆಂದರೆ ಅವರದ್ದು ಅಂಗಡಿ. ಹೆಸರು ಉಳಿಯಬೇಕಾದರೆ ಪತ್ರ ಇರಬೇಕು, ಇಲ್ಲಾ ಅರಮನೆ ಇರಬೇಕು, ಇಲ್ಲಾ ಅಂಗಡಿ ಇರಬೇಕು. ಬಾಲ್ಟಿಮೋರಿನಲ್ಲಿ ಫಡ್ಜ್ ಮಾಡುತ್ತಿದ್ದ ಆ ವ್ಯಕ್ತಿಗೆ ಇದ್ಯಾವುದೂ ಇರಲಿಲ್ಲ, ಪತ್ರದಲ್ಲಿ ಬರೀ 'ಸಹಪಾಠಿಯ ಸಂಬಂಧಿ'.

ನಮ್ಮಜ್ಜಿಗೂ ಇಲ್ಲ. ಅಜ್ಜಿಗೆ ಓದು ಬರಹ ಬರದು. ಎರಡು ವರ್ಷದಿಂದ ಕೈ ನಡುಗುತ್ತೆ, ಅದಕ್ಕೇ ಅಮ್ಮ ಒಲೆ ಹತ್ತಿರ ಬಿಡುತ್ತಿಲ್ಲ. ಎರಡು ವರ್ಷದಿಂದ ನಮ್ಮನೆಯಲ್ಲಿ ಕೊಬ್ರಿ ಮಿಠಾಯಿಯೂ ಆಗಿಲ್ಲ. ನಾನು ಗಮನಿಸಿಯೇ ಇರಲಿಲ್ಲ. ಅವತ್ತು ಸಂಜೆ ಅಮ್ಮನನ್ನು ಕೇಳಿದರೆ, "ನಂಗೆ ಪಾಕ ನೋಡಕ್ಕೆ ಬರಲ್ಲ ಕಣೋ. ಅತ್ತೆ ಇದ್ರಲ್ಲ ಅಂತ ಕಲೀಲೇ ಇಲ್ಲ. ಈಗ ಕೇಳಿದ್ರೆ ಬಿಟ್ಟೋಯ್ತಾರೇನೋ ಅಂತ ಹೆದರ್ಕೊಂಡು ಕೇಳ್ದಂಗಾಯ್ತದೆ" ಅಂತ ಮುಖ ಆ ಕಡೆ ತಿರುಗಿಸಿದಳು.

ಭಾನುವಾರ ಎರಡನೇ ಪ್ರಯತ್ನ. ಈ ಸಲ ಅಜ್ಜಿಯ ಕುರ್ಚಿಯನ್ನು ಒಲೆ ಪಕ್ಕಕ್ಕೇ ಎಳೆದೆವು. ಥರ್ಮಾಮೀಟರ್ ನನ್ನ ಕೈಲಿ, ಸೌಟು ಅಮ್ಮನ ಕೈಲಿ, ತಣ್ಣೀರಿನ ಬಟ್ಟಲು ಅಜ್ಜಿಯ ಮಡಿಲಲ್ಲಿ. ಅಮ್ಮ ಒಂದೊಂದೇ ತೊಟ್ಟು ನೀರಿಗೆ ಬಿಡೋದು, ಅಜ್ಜಿ ಎರಡು ಬೆರಳಲ್ಲಿ ಎತ್ತಿ ನೋಡೋದು. ಮೊದಲು ಕರಗಿಹೋಯಿತು. ಆಮೇಲೆ ಎಳೆ ಬಂತು. ಬೆರಳು ನಡುಗುತ್ತಿದ್ದರೂ ತೊಟ್ಟು ಜಾರಲಿಲ್ಲ. ಆರನೇ ಸಲ ಮೆತ್ತನೆ ಉಂಡೆಯಾಯಿತು. "ಬಂತು, ಇಳ್ಸವ್ವ" ಅಂತು ಅಜ್ಜಿ.

ಥರ್ಮಾಮೀಟರ್ ನೋಡಿದೆ. 111!

ಇಲ್ಲಿಂದ ಮುಂದಿನದ್ದು ಅಜ್ಜಿಗೆ ಹೊಸದು. ಮಿಠಾಯಿಯಾದರೆ ತಕ್ಷಣ ಮಗುಚಿ ತಟ್ಟೆಗೆ ಸುರಿಯಬೇಕು. ಫಡ್ಜಿಗೆ ಬೆಣ್ಣೆ ಮೇಲೆ ಹಾಕಿ, ಕೈ ಮುಟ್ಟದೆ, ಸುಮಾರು 45 ಡಿಗ್ರಿಗೆ ಆರುವವರೆಗೂ ಬಿಡಬೇಕು. ಬಿಸಿಯಲ್ಲೇ ಕಲಕಿದರೆ ಸಕ್ಕರೆ ದಪ್ಪ ದಪ್ಪ ಹರಳು ಕಟ್ಟಿ ನಾಲಿಗೆಗೆ ಮರಳು ಮರಳಾಗುತ್ತೆ. ಆರಿದ ಮೇಲೆ ಜೋರಾಗಿ ಕಲಕಿದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳು ಒಟ್ಟಿಗೆ ಹುಟ್ಟುತ್ತವೆ, ಅದೇ ಫಡ್ಜಿನ ನುಣುಪು. ಮುಕ್ಕಾಲು ಗಂಟೆ ಸುಮ್ಮನೆ ಕೂರುವುದು ಅಜ್ಜಿಗೆ ಬಹಳ ಕಷ್ಟವಾಯಿತು. "ಅದೇನ್ಲಾ ಪಾಕನ ಅನಾಥ ಮಾಡ್ಬುಟ್ಟು ಕೂತಿದ್ದೀರಾ" ಅಂತ ಎರಡು ಸಲ ಬೈದಳು. ಕಲಕಲು ಸೌಟು ಸಾಲದೆ ಮುದ್ದೆ ಕೋಲೇ ಬೇಕಾಯಿತು. ಹತ್ತು ನಿಮಿಷ ತಿರುವಿದ ಮೇಲೆ ಹೊಳಪು ಹೋಗಿ ಮಂಕಾಯಿತು, ತಟ್ಟೆಗೆ ಸುರಿದೆವು. ಗಂಟೆ ಬಿಟ್ಟು ಕೊಯ್ದರೆ ಬೆಣ್ಣೆ ಕೊಯ್ದ ಹಾಗೆ.

ಅಜ್ಜಿಗೆ ಸಕ್ಕರೆ ಕಾಯಿಲೆ. ಉಗುರಿನಷ್ಟು ಕೊಟ್ಟೆವು. ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಚೆಂದಾಗದೆ. ಕೊಬ್ರಿ ಹಾಕಿದ್ರೆ ಇನ್ನೂ ಚೆಂದಾಗಿರದು" ಅಂದಳು :-)

ಆ ರಾತ್ರಿ ಅಮ್ಮನೇ ಅಜ್ಜಿಯ ಪಕ್ಕ ಕೂತು ಕೇಳಿದಳು, ನಾನು ಬರೆದುಕೊಂಡೆ. ಕೊಬ್ರಿ ಮಿಠಾಯಿ, ಕಜ್ಜಾಯದ ಪಾಕ, ಎಳ್ಳುಂಡೆ ಪಾಕ. ಅಳತೆಗಳೆಲ್ಲ 'ಒಂದು ಪಾವು', 'ಹಿಡಿಯಷ್ಟು', 'ಕಣ್ಣಳತೆ'. ಎಷ್ಟು ಹೊತ್ತು ಅಂದರೆ 'ಬರೋವರ್ಗೂ'. ಬರೆದುಕೊಂಡದ್ದರಲ್ಲಿ ಅರ್ಧ ನನಗೇ ಅರ್ಥವಾಗಿಲ್ಲ. ಹಾಗಾಗಿ ಮುಂದಿನ ತಿಂಗಳೂ ಊರಿಗೆ ಹೋಗಬೇಕು, ಒಂದೊಂದನ್ನೇ ಮಾಡಿ ನೋಡಬೇಕು. ಅಜ್ಜಿ 'ಬಂತು' ಅಂದಾಗ ಡಿಗ್ರಿ ಎಷ್ಟು ಅಂತ ಪಕ್ಕದಲ್ಲಿ ಗುರುತು ಹಾಕಿಕೊಳ್ಳಬೇಕು.

ನಿಮ್ಮ ಮನೆಯಲ್ಲೂ ಪಾಕ ನೋಡಲು ಬರುವವರು ಇದ್ದರೆ ಈ ಹಬ್ಬಕ್ಕೆ ಅವರ ಪಕ್ಕ ನಿಂತು ನೋಡಿ. ಥರ್ಮಾಮೀಟರ್ ಬೇಕಾದರೆ ನನ್ನದೇ ಕೊಡ್ತೀನಿ. ಆದರೆ ಮೊದಲು ನೀರು ಕುದಿಸಿ ನಿಮ್ಮೂರಿನ ಲೆಕ್ಕ ನೋಡಿಕೊಳ್ಳಿ.

ಮತ್ತೆ ಸಿಗೋಣ.