ಪಾದ್ರಿ ಕೂಲಿಯಾಳೇ?

ನ್ಯೂಯಾರ್ಕ್ ನಗರದ ಹೋಲಿ ಟ್ರಿನಿಟಿ ಚರ್ಚ್ 1887ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಇ. ವಾಲ್‌ಪೋಲ್ ವಾರೆನ್ ಅವರೊಡನೆ ಕರಾರು ಮಾಡಿಕೊಂಡು ಅವರನ್ನು ತನ್ನ ಪಾದ್ರಿಯಾಗಿ ಕರೆಸಿಕೊಂಡಿತು. ಅಮೆರಿಕ ಸರ್ಕಾರ ಚರ್ಚಿನ ಮೇಲೆ ದಾವೆ ಹೂಡಿತು. ಕರಾರಿನ ಮೇಲೆ ವಿದೇಶದಿಂದ ಆಳು ತರಿಸಿದ್ದೇ ಅಪರಾಧ. ಅದಕ್ಕೆ ದಂಡ 1,000 ಡಾಲರ್!

ಈ ಕಾಯಿದೆ ಬಂದದ್ದು 1885ರಲ್ಲಿ. ಗಣಿ, ಕಾರ್ಖಾನೆಗಳ ಮಾಲೀಕರು ಪ್ರಯಾಣದ ಖರ್ಚು ಕೊಟ್ಟು ಯುರೋಪಿನಿಂದ ಅಗ್ಗದ ಕೂಲಿಯವರನ್ನು ತರಿಸುವುದನ್ನು ತಡೆಯುವುದು ಅದರ ಉದ್ದೇಶ. ಆದರೆ ಅದರಲ್ಲಿದ್ದ ಮಾತು 'ಯಾವುದೇ ಬಗೆಯ ದುಡಿಮೆ ಅಥವಾ ಸೇವೆ' ಎಂದು. ನಟರು, ಗಾಯಕರು, ಉಪನ್ಯಾಸಕರು, ಮನೆಗೆಲಸದವರಿಗೆ ವಿನಾಯಿತಿ ಇತ್ತು. ಪಾದ್ರಿಗಳ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಅಕ್ಷರಶಃ ಓದಿದ ಕೆಳ ನ್ಯಾಯಾಲಯ ಚರ್ಚಿನ ವಿರುದ್ಧ ತೀರ್ಪಿತ್ತಿತು.

1892ರ ಫೆಬ್ರುವರಿ 29ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕಾಯಿದೆಯ ಅಕ್ಷರದೊಳಗೆ ಸೇರಿದರೂ ಅದರ ಆಶಯದೊಳಗೆ ಸೇರದ ಸಂಗತಿಗಳಿರುತ್ತವೆ. ಶಾಸಕರ ಮನಸ್ಸಿನಲ್ಲಿದ್ದದ್ದು ಮೈಮುರಿದು ದುಡಿಯುವ ಕೂಲಿ ಮಾತ್ರ ಎಂದು ನ್ಯಾಯಮೂರ್ತಿ ಡೇವಿಡ್ ಬ್ರೂಯರ್ ಬರೆದರು. ಅಷ್ಟಕ್ಕೇ ನಿಲ್ಲದೆ, ಅಮೆರಿಕ ಕ್ರೈಸ್ತ ರಾಷ್ಟ್ರ, ಅದು ಧರ್ಮದ ವಿರುದ್ಧ ಕಾಯಿದೆ ಮಾಡಿರಲಾರದು ಎಂಬ ವಾದವನ್ನೂ ಸೇರಿಸಿದರು. ಯಹೂದಿ ರಬ್ಬಿಯ ಉದಾಹರಣೆಯನ್ನೂ ಅವರು ಕೊಟ್ಟಿದ್ದರೆಂಬುದು ನಿಜ. ಆದರೂ ಬೇರೆ ಧರ್ಮದವರ ಹಕ್ಕು ಒಂದು ಧರ್ಮದ ಹಿರಿಮೆಯ ನೆರಳಿನಲ್ಲಿ ನಿಲ್ಲಬೇಕೇ ಎಂಬ ಪ್ರಶ್ನೆಗೆ ಆ ವಾದ ಎಡೆಮಾಡಿತು.

ತೀರ್ಪಿಗೆ ಮುನ್ನವೇ, 1891ರಲ್ಲಿ, ಶಾಸನಸಭೆ 'ಯಾವುದೇ ಧರ್ಮಪಂಥದ' ಗುರುಗಳಿಗೆ ವಿನಾಯಿತಿ ಕೊಟ್ಟಿತ್ತು. ಹಳೆಯ ಮೊಕದ್ದಮೆಗೆ ಅದು ಅನ್ವಯವಾಗಲಿಲ್ಲ, ಅಷ್ಟೆ.

ಆಮೇಲಿನ ತೊಡಕು ಬೇರೆಯದು. 1990ರ ವಲಸೆ ಕಾಯಿದೆ ಧಾರ್ಮಿಕ ಸೇವಕರಿಗೆಂದೇ 'ಆರ್' ವೀಸಾ ತಂದಿತು. ಬರುವವನು ಹಿಂದಿನ ಎರಡು ವರ್ಷ ಅದೇ ಪಂಥದ ಸದಸ್ಯನಾಗಿರಬೇಕು. ಗುರುವಾದರೆ ತರಬೇತಿ, ಅಧಿಕಾರಗಳನ್ನು ಕಾಗದಪತ್ರಗಳಿಂದ ತೋರಿಸಬೇಕು. ಚರ್ಚಿಗೆ ಬಿಷಪ್ಪರ ದೀಕ್ಷಾಪತ್ರವಿದೆ. 1977ರಲ್ಲಿ ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಪ್ರತಿಷ್ಠೆಯಾದ ಗಣಪತಿ ದೇವಾಲಯದಂಥ ಕಡೆ ಅರ್ಚಕನಿಗೆ ಆ ಬಗೆಯ ಪತ್ರ ಕೊಡುವ ಕೇಂದ್ರ ಪೀಠ ಯಾವುದು? ತಂದೆಯಿಂದ ಆಗಮ ಕಲಿತವನ ವಿದ್ಯೆಗೆ ಮೊಹರು ಎಲ್ಲಿದೆ? ಸ್ವಚ್ಛತೆ, ಗುಮಾಸ್ತಿಕೆಗಳು ಧಾರ್ಮಿಕ ಕೆಲಸವಲ್ಲ ಎನ್ನುತ್ತದೆ ನಿಯಮ. ಹಾಗಾದರೆ ಮಡಿಯುಟ್ಟು ನೈವೇದ್ಯ ಬೇಯಿಸುವವನು ಅಡಿಗೆಯವನೋ, ಧಾರ್ಮಿಕ ಸೇವಕನೋ?

ಈ ವೀಸಾದಲ್ಲಿ ಒಮ್ಮೆಗೆ ಇರಬಹುದಾದದ್ದು ಹೆಚ್ಚೆಂದರೆ 5 ವರ್ಷ. ಕಾಯಂ ವಾಸದ ಪರವಾನಗಿಯ ಸರದಿ 2023ರಿಂದೀಚೆಗೆ ಉದ್ದವಾಗಿದೆ. ಸರದಿ ಬರುವ ಮುನ್ನ ಅವಧಿ ಮುಗಿದರೆ ಭಕ್ತರಿರುವ ಗುಡಿಯಲ್ಲಿ ಪೂಜೆ ಮಾಡುವವರಿರುವುದಿಲ್ಲ. ವಾರೆನ್ ಅವರ ಕಾಲದಲ್ಲಿ ಪಾದ್ರಿಯ ಹೆಸರು ಪಟ್ಟಿಯಲ್ಲಿರಲಿಲ್ಲ; ಇಂದು ಎಲ್ಲ ಧರ್ಮಗಳಿಗೂ ಬಾಗಿಲಿದೆ, ಆದರೆ ಅದರ ಚೌಕಟ್ಟಿನ ಅಳತೆ ಇನ್ನೂ ಚರ್ಚಿನದೇ.