ಕಡಲ ದಂಡೆಯ ಮೂರು ಪುಟ್ಟ ಮನೆಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಎರಡು ಕಷ್ಟಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಹಾಕಿರುವುದು ಆಕಸ್ಮಿಕವಲ್ಲ. ಮನೆಯೆಂದರೆ ಸಂಸಾರ, ಸಂಸಾರವೆಂದರೆ ಮಕ್ಕಳುಮರಿ ಎಂಬ ಲೆಕ್ಕಾಚಾರದಲ್ಲೇ ಬಹುತೇಕ ಮನೆಗಳ ನಕ್ಷೆ ಹುಟ್ಟುತ್ತದೆ. ಮುಂದೆ ಮಗನಿಗೆ ಒಂದು ಕೋಣೆ ಬೇಕಾದೀತು, ಮಗಳು ಬಾಣಂತನಕ್ಕೆ ಬಂದಾಳು ಎಂದು ಇನ್ನೂ ಹುಟ್ಟದವರಿಗಾಗಿ ಗೋಡೆ ಎಬ್ಬಿಸುವುದು ವಾಡಿಕೆ. ಹಾಗಿದ್ದರೆ ಒಬ್ಬರೇ ಬದುಕುವವರು, ಮಕ್ಕಳಿಲ್ಲದ ದಂಪತಿ, ತಮ್ಮ ಅಳತೆಗೇ ಒಂದು ಮನೆ ಕಟ್ಟಿಕೊಂಡರೆ ಅದು ಹೇಗಿದ್ದೀತು? ಈ ಪ್ರಶ್ನೆಗೆ ಫ್ರಾನ್ಸಿನ ದಕ್ಷಿಣ ತೀರದ ಒಂದು ಚಿಕ್ಕ ಪ್ರದೇಶದಲ್ಲಿ, ಕಾಲು ಶತಮಾನದ ಅವಧಿಯಲ್ಲಿ, ಮೂರು ಬಗೆಯ ಉತ್ತರಗಳು ಮೂಡಿದವು. ಮೂರೂ ವಾಸ್ತುಶಿಲ್ಪದ ಇತಿಹಾಸದಲ್ಲಿ ಪ್ರಸಿದ್ಧವಾಗಿವೆ. ಅವುಗಳ ನಡುವೆ ನಡೆದ ಜಗಳವೂ ಅಷ್ಟೇ ಪ್ರಸಿದ್ಧ.

ಮೊನಾಕೊ ಮತ್ತು ಮಾಂತೊಂ ಪಟ್ಟಣಗಳ ನಡುವೆ, ಇಟಲಿಯ ಗಡಿಗೆ ಸಮೀಪದಲ್ಲಿ ರೋಕ್‌ಬ್ರೂನ್ ಕಾಪ್ ಮಾರ್ತಾಂ ಎಂಬ ಊರಿದೆ. ಅಲ್ಲಿ ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ರೈಲು ಹಳಿ, ಹಳಿಯ ಕೆಳಗೆ ಒಂದು ಕಾಲುದಾರಿ, ಅದರ ಕೆಳಗೆ ಬಂಡೆ ಮತ್ತು ನೀರು. 1926ರಲ್ಲಿ ಐಲೀನ್ ಗ್ರೇ ಎಂಬ ಮಹಿಳೆ ಈ ಬಂಡೆಗಳ ಮೇಲೆ ಮನೆ ಕಟ್ಟಲು ತೊಡಗಿದಾಗ ಅಲ್ಲಿಗೆ ಗಾಡಿ ಹೋಗುವ ರಸ್ತೆಯೇ ಇರಲಿಲ್ಲ. ಸಾಮಾನುಗಳನ್ನು ಒಂಟಿ ಚಕ್ರದ ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಬೇಕಿತ್ತು.

ಗ್ರೇ 1878ರಲ್ಲಿ ಐರ್ಲೆಂಡಿನ ಸಿರಿವಂತ ಮನೆತನದಲ್ಲಿ ಹುಟ್ಟಿದವಳು. ಮದುವೆಯಾಗಲಿಲ್ಲ. ಪ್ಯಾರಿಸ್ಸಿನಲ್ಲಿ ನೆಲೆಸಿ ಜಪಾನೀ ಕುಶಲಕರ್ಮಿ ಸುಗವಾರನಿಂದ ಲ್ಯಾಕರ್ ಲೇಪನದ ಕೆಲಸ ಕಲಿತಳು. ಇದು ನಮ್ಮ ಚನ್ನಪಟ್ಟಣದ ಅರಗಲ್ಲ. ಒಂದು ಜಾತಿಯ ಮರದ ರಸವನ್ನು ಪದರ ಪದರವಾಗಿ ಬಳಿದು, ಒಣಗಿಸಿ, ಉಜ್ಜುವ, ತಿಂಗಳುಗಟ್ಟಲೆ ತಾಳ್ಮೆ ಬೇಡುವ ವಿದ್ಯೆ. ಮುಂದೆ ಪೀಠೋಪಕರಣಗಳ ವಿನ್ಯಾಸಕಿಯಾಗಿ ಹೆಸರು ಮಾಡಿದಳು. ಇಂದೂರಿನ ಮಹಾರಾಜ ಯಶವಂತರಾವ್ ಹೋಳ್ಕರ್ ತಮ್ಮ ಮಾಣಿಕ್ ಬಾಗ್ ಅರಮನೆಗೆ ತರಿಸಿಕೊಂಡ ವಸ್ತುಗಳಲ್ಲಿ ಆಕೆ ರೂಪಿಸಿದ ಆರಾಮ ಕುರ್ಚಿಯೂ ಇತ್ತು. ಆದರೆ ವಾಸ್ತುಶಿಲ್ಪವನ್ನು ಆಕೆ ಯಾವ ಶಾಲೆಯಲ್ಲೂ ಕಲಿತಿರಲಿಲ್ಲ. ರುಮೇನಿಯಾ ಮೂಲದ ವಾಸ್ತುಶಿಲ್ಪಿ, ಪತ್ರಿಕಾ ಸಂಪಾದಕ ಝಾಂ ಬದೋವಿಚಿಯ ಒತ್ತಾಸೆಯಿಂದ ನಲವತ್ತೆಂಟರ ವಯಸ್ಸಿನಲ್ಲಿ ಈ ಸಾಹಸಕ್ಕೆ ಕೈಹಾಕಿದಳು. 1929ರಲ್ಲಿ ಮನೆ ಮುಗಿಯಿತು.

ಅದಕ್ಕಿಟ್ಟ ಹೆಸರೇ ಒಂದು ಒಗಟು: ಇ.1027. ‘ಇ’ ಎಂದರೆ ಐಲೀನ್. ಇಂಗ್ಲಿಷ್ ಅಕ್ಷರಮಾಲೆಯಲ್ಲಿ 10ನೆಯದು ‘ಜೆ’, 2ನೆಯದು ‘ಬಿ’, 7ನೆಯದು ‘ಜಿ’. ಝಾಂ ಬದೋವಿಚಿಯ ಮೊದಲಕ್ಷರಗಳನ್ನು ಐಲೀನ್ ಮತ್ತು ಗ್ರೇ ಎರಡೂ ಕಡೆಯಿಂದ ಅಪ್ಪಿಕೊಂಡಂತೆ ಈ ಜೋಡಣೆ. ಅಕ್ಷರಗಳಲ್ಲಿ ಕಾಣುವ ಈ ಸಲಿಗೆ ಜಾಗದ ಕಾಗದಪತ್ರದಲ್ಲಿರಲಿಲ್ಲ. ಜಾಗ ಬದೋವಿಚಿಯ ಹೆಸರಿನಲ್ಲಿತ್ತು. ಮುಂದಿನ ತೊಡಕುಗಳಿಗೆಲ್ಲ ಬೀಜ ಇಲ್ಲೇ ಬಿದ್ದಿತೆಂದರೆ ತಪ್ಪಾಗಲಾರದು.

ಚಿಕ್ಕ ಮನೆಯಲ್ಲೂ ಪ್ರತಿಯೊಬ್ಬರಿಗೂ ತಾನು ಸ್ವತಂತ್ರ, ಬೇಕೆನಿಸಿದಾಗ ಪೂರ್ಣ ಏಕಾಂತ ತನಗೆ ಸಿಕ್ಕೀತು ಎನ್ನಿಸಬೇಕೆಂಬುದು ಗ್ರೇಯ ಮೂಲಸೂತ್ರ. ಇದನ್ನು ಸಾಧಿಸಲು ಆಕೆ ಜಾಗ ಹೆಚ್ಚಿಸಲಿಲ್ಲ, ಬದಲಿಗೆ ಮನೆಯಲ್ಲಿರುವವರ ದಿನಚರಿಯನ್ನು ಗಮನಿಸಿದಳು. ಸೂರ್ಯ ಎತ್ತ ಹುಟ್ಟಿ ಎತ್ತ ಸರಿಯುತ್ತಾನೆ, ಗಾಳಿ ಎಲ್ಲಿಂದ ಬೀಸುತ್ತದೆ ಎಂಬುದನ್ನು ಲೆಕ್ಕ ಹಾಕಿ ಕಿಟಕಿಗಳನ್ನೂ ಜಾರುವ ಬಾಗಿಲುಗಳನ್ನೂ ಇರಿಸಿದಳು. ಮಲಗುವ ಕೋಣೆಗಳಿಂದ ನೇರ ಹೊರಗೆ ಹೋಗಲು ದಾರಿ ಬಿಟ್ಟಳು. ಒಬ್ಬರು ಎದ್ದು ತಿರುಗಾಡಿದರೆ ಇನ್ನೊಬ್ಬರ ನಿದ್ದೆ ಕೆಡಬಾರದಲ್ಲ! ಅಡಿಗೆಮನೆಯನ್ನು ವಾಸದ ಭಾಗದಿಂದ ಬೇರ್ಪಡಿಸಿ, ಬೇಸಿಗೆಯಲ್ಲಿ ಗಾಜಿನ ತಡಿಕೆಗಳನ್ನು ಮಡಿಸಿದರೆ ಬಯಲಡಿಗೆಯ ಜಾಗವಾಗುವಂತೆ ಮಾಡಿದಳು. ಅಲ್ಲಿನ ರೈತ ಹೆಂಗಸರು ಬೇಸಿಗೆಯಲ್ಲಿ ಒಲೆಯನ್ನು ಹೊರಗೆ ಹೂಡುವುದನ್ನು ಆಕೆ ಕಂಡಿದ್ದಳು. ಕಪಾಟುಗಳ ಮೇಲೆ ಟೋಪಿ, ದಿಂಬು ಎಂದು ಅಚ್ಚಿನ ಅಕ್ಷರಗಳು. ಪ್ರವೇಶದ ಬಳಿಯ ಗೋಡೆಯ ಮೇಲೆ ‘ನಿಧಾನವಾಗಿ ಒಳಗೆ ಬನ್ನಿ’ ಎಂಬ ಬರಹ. ಉಕ್ಕಿನ ಕೊಳವೆ ಮತ್ತು ಗಾಜಿನ ಒಂದು ಪುಟ್ಟ ಮೇಜಿನ ಕಾಲು ಮಂಚದ ಅಡಿಗೆ ಜಾರುತ್ತದೆ, ಎತ್ತರವನ್ನು ಹೆಚ್ಚು ಕಡಿಮೆ ಮಾಡಬಹುದು. ಹಾಸಿಗೆಯಲ್ಲೇ ಕೂತು ತಿಂಡಿ ತಿನ್ನಲು ಹೇಳಿ ಮಾಡಿಸಿದ್ದು. ಜಗತ್ತಿನ ಅಂಗಡಿಗಳಲ್ಲಿ ಆ ಮೇಜು ಇಂದಿಗೂ ಮಾರಾಟವಾಗುತ್ತಿದೆ.

ಇಷ್ಟೆಲ್ಲ ಸೂಕ್ಷ್ಮದ ನಡುವೆ ಒಂದು ಸಂಗತಿ ಕಣ್ಣಿಗೆ ಬೀಳದೇ ಇರದು. ಕೆಳ ಅಂತಸ್ತಿನಲ್ಲಿ ಮನೆಗೆಲಸದವಳಿಗೆಂದು ಒಂದು ಕೋಣೆಯಿದೆ. ಮನುಷ್ಯ ವಾಸಿಸಬಹುದಾದ ಕನಿಷ್ಠ ಅಳತೆಯದು. ಒಂಟಿ ಬದುಕಿನ ಸ್ವಾತಂತ್ರ್ಯಕ್ಕೂ ಇನ್ನೊಬ್ಬರ ದುಡಿಮೆಯ ಆಸರೆ ಬೇಕಿತ್ತು.

1930ರ ದಶಕದ ಆರಂಭದಲ್ಲಿ ಗ್ರೇ ಬದೋವಿಚಿಯಿಂದ ದೂರವಾದಳು. ಮನೆಯನ್ನು ಅವನಿಗೇ ಬಿಟ್ಟು, ಮಾಂತೊಂ ಹಿಂದಿನ ಕಾಸ್ಟೆಲ್ಲಾರ್ ಗುಡ್ಡದಲ್ಲಿ ಈ ಬಾರಿ ಸಂಪೂರ್ಣ ತನಗೊಬ್ಬಳಿಗೇ ಮನೆ ಕಟ್ಟಿಕೊಂಡಳು. ಹೆಸರು ‘ತಾಂಪ್ ಆ ಪಾಯ್ಯಾ’, ಅಂದರೆ ಕಾಲ ಮತ್ತು ಹುಲ್ಲು. ಹಣ್ಣು ಮಾಗಲು ಈ ಎರಡೂ ಬೇಕೆಂಬ ಸ್ಥಳೀಯ ಗಾದೆಯಿಂದ ಬಂದದ್ದು. ಮಾವನ್ನು ಹುಲ್ಲಿನಲ್ಲಿ ಅಡೆ ಹಾಕುವುದನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಜಾಗದಲ್ಲಿದ್ದ ಹಳೆಯ ನೀರಿನ ತೊಟ್ಟಿಗಳನ್ನು ಕೆಡವದೆ, ಅವುಗಳ ಕಲ್ಲಿನ ಗೋಡೆಗಳ ಮೇಲೆಯೇ ಮನೆಯನ್ನು ಕೂರಿಸಿದಳು. ಬಟ್ಟೆ ಹೆಚ್ಚಾದಂತೆ ಹಿಗ್ಗಿಸಬಹುದಾದ ಕಪಾಟಿನಂಥ ಜಾಣ್ಮೆಗಳು ಇಲ್ಲೂ ಇದ್ದವು. ಮೊದಲ ಮನೆಯಷ್ಟು ಇದರ ಬಗ್ಗೆ ಯಾರೂ ಬರೆಯುವುದಿಲ್ಲ. ಜಗಳವಿಲ್ಲದ ಮನೆಗೆ ಪ್ರಚಾರ ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಅದು ಲೂಟಿಯಾಯಿತು. ಗ್ರೇ ದುರಸ್ತಿ ಮಾಡಿಸಿ, 1950ರ ದಶಕದಲ್ಲಿ ಇಂಗ್ಲಿಷ್ ಚಿತ್ರಕಾರ ಗ್ರಹಾಂ ಸದರ್ಲೆಂಡ್‌ಗೆ ಮಾರಿದಳು.

ಈಗ ಕಥೆಗೆ ಮೂರನೆಯವನ ಪ್ರವೇಶ. ಚಂಡೀಗಢದಿಂದಾಗಿ ಭಾರತೀಯರಿಗೆ ಪರಿಚಿತನಾದ ಲ ಕಾರ್ಬೂಸಿಯೆ ಬದೋವಿಚಿಯ ಗೆಳೆಯ. ಹಲವು ಬಾರಿ ಇ.1027ರಲ್ಲಿ ಅತಿಥಿಯಾಗಿದ್ದ, ಅದನ್ನು ಮೆಚ್ಚಿಯೂ ಇದ್ದ. ಆದರೆ 1938 ಮತ್ತು 1939ರಲ್ಲಿ ಬದೋವಿಚಿಯ ಒಪ್ಪಿಗೆ ಪಡೆದು ಆ ಮನೆಯ ಬಿಳಿ ಗೋಡೆಗಳ ಮೇಲೆ ದೊಡ್ಡ ದೊಡ್ಡ ಬಣ್ಣದ ಚಿತ್ರಗಳನ್ನು ಬರೆದ. ಬೆತ್ತಲೆಯಾಗಿ ನಿಂತು ಗೋಡೆಗೆ ಬಣ್ಣ ಹಚ್ಚುತ್ತಿರುವ ಅವನ ಫೋಟೊ ಉಳಿದಿದೆ. ಕಟ್ಟಿದವಳನ್ನು ಯಾರೂ ಕೇಳಲಿಲ್ಲ. ಗ್ರೇಯ ಕಣ್ಣಿಗೆ ಇದು ಶುದ್ಧ ವಿಧ್ವಂಸವಾಗಿ ಕಂಡಿತು. ಒಡೆತನದ ಕಾಗದ ನೋಡಿದರೆ ತಪ್ಪೇನೂ ನಡೆದಿರಲಿಲ್ಲ. ಆದರೆ ಗೋಡೆ ಖಾಲಿಯಿರಲೆಂದೇ ಬಿಟ್ಟವಳ ಮನಸ್ಸನ್ನು ಅರಿಯಬಲ್ಲ ವ್ಯಕ್ತಿ ಯಾರಾದರೂ ಇದ್ದಿದ್ದರೆ ಅದು ಲ ಕಾರ್ಬೂಸಿಯೆಯೇ ಆಗಬೇಕಿತ್ತು. ಬಿಳಿ ಗೋಡೆಯ ಹಿರಿಮೆಯನ್ನು ಜಗತ್ತಿಗೆ ಸಾರಿದವನೇ ಅವನು. ಯುದ್ಧಕಾಲದಲ್ಲಿ ಸೈನಿಕರು ಇದೇ ಗೋಡೆಗಳಿಗೆ ಗುಂಡು ಹೊಡೆದು ಗುರಿ ಅಭ್ಯಾಸ ಮಾಡಿದರು.

ಯುದ್ಧ ಮುಗಿದ ಮೇಲೆ 1949ರಲ್ಲಿ ಆ ಮನೆಯ ಪಕ್ಕದಲ್ಲೇ ತೊಮಾ ರೆಬುತಾತೊ ಎಂಬ, ಮೊದಲು ನೀಸ್ ಪಟ್ಟಣದಲ್ಲಿ ಕೊಳಾಯಿ ಕೆಲಸ ಮಾಡುತ್ತಿದ್ದವನು ‘ಎತ್ವಾಲ್ ದ ಮೆರ್’, ಅಂದರೆ ನಕ್ಷತ್ರಮೀನು ಎಂಬ ಸಣ್ಣ ಹೋಟೆಲು ತೆರೆದ. ಲ ಕಾರ್ಬೂಸಿಯೆ ಅಲ್ಲಿನ ಊಟದ ಖಾಯಂ ಗಿರಾಕಿಯಾದ. 1951ರ ಡಿಸೆಂಬರ್ 30ರಂದು ಆ ಹೋಟೆಲಿನ ಮೇಜಿನ ಒಂದು ಮೂಲೆಯಲ್ಲಿ ಕೂತು ಮುಕ್ಕಾಲು ಗಂಟೆಯಲ್ಲಿ ಒಂದು ಮನೆಯ ನಕ್ಷೆ ಗೀಚಿದ. ಅದು ಹೆಂಡತಿ ಇವೊನ್‌ಳ ಹುಟ್ಟುಹಬ್ಬಕ್ಕೆ ಉಡುಗೊರೆ. ಇವೊನ್ ನೆರೆಯ ಮೊನಾಕೊದವಳು, ಜನವರಿ 1ರಂದು ಹುಟ್ಟಿದವಳು. ಮದುವೆಯಾಗಿ ಇಪ್ಪತ್ತೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅದೇ ವರ್ಷ ಆತ ಪಂಜಾಬಿನಲ್ಲಿ ಒಂದು ರಾಜಧಾನಿಯ ನಕ್ಷೆಯನ್ನು ರೂಪಿಸಿದ್ದನೆಂಬುದನ್ನು ನೆನೆದರೆ ಈ ಮುಕ್ಕಾಲು ಗಂಟೆಯ ಸ್ವಾರಸ್ಯ ತಿಳಿಯುತ್ತದೆ.

ಮನೆಯ ಹೆಸರು ಕಬಾನೊಂ, ಗುಡಿಸಲು ಎಂದರ್ಥ. ಒಳಗಿನ ಅಳತೆ 3.66 ಮೀಟರ್ ಉದ್ದ, ಅಷ್ಟೇ ಅಗಲ, 2.26 ಮೀಟರ್ ಎತ್ತರ. ಹನ್ನೆರಡಡಿ ಚೌಕದ ಒಂದು ಕೋಣೆ, ಜೊತೆಗೆ ಕಿರಿದಾದ ಒಂದು ಓಣಿ. ಈ ಸಂಖ್ಯೆಗಳು ಮನಬಂದಂತೆ ಬಂದವಲ್ಲ. ಲ ಕಾರ್ಬೂಸಿಯೆ ‘ಮಾಡ್ಯುಲರ್’ ಎಂಬ ಅಳತೆ ಪದ್ಧತಿಯೊಂದನ್ನು ರೂಪಿಸಿದ್ದ. ಆರಡಿ ಅಂದರೆ 1.83 ಮೀಟರ್ ಎತ್ತರದ ಮನುಷ್ಯ ಕೈ ಮೇಲೆತ್ತಿ ನಿಂತರೆ ಬೆರಳ ತುದಿ 2.26 ಮೀಟರಿಗೆ ಮುಟ್ಟುತ್ತದೆ. ಅದೇ ಚಾವಣಿಯ ಎತ್ತರ. ಎರಡು ಆಳುದ್ದ ಸೇರಿದರೆ 3.66, ಅದೇ ಕೋಣೆಯ ಅಗಲ. ಮೊಳ, ಗೇಣು, ಮಾರು ಎಂದು ಮೈಯಿಂದಲೇ ಮನೆ ಅಳೆಯುತ್ತಿದ್ದ ನಮ್ಮ ಆಚಾರಿಗಳಿಗೆ ಇದು ಹೊಸತೆನಿಸುತ್ತಿರಲಿಲ್ಲ. ಒಂದು ವ್ಯತ್ಯಾಸವಿದೆ: ಆಚಾರಿ ಬಹುಮಟ್ಟಿಗೆ ಯಜಮಾನನ ಮೈಯನ್ನು ಅಳೆಯುತ್ತಿದ್ದ, ಇಲ್ಲಿ ಅಳತೆಗೆ ನಿಂತವನು ಎಲ್ಲೂ ಇಲ್ಲದ ಒಬ್ಬ ಆರಡಿ ಗಂಡಸು. ಇವೊನ್‌ಳ ಮೈ ಯಾವ ಲೆಕ್ಕಕ್ಕೂ ಬರಲಿಲ್ಲ.

ಮರದ ಭಾಗಗಳನ್ನೆಲ್ಲ ಕಾರ್ಸಿಕಾ ದ್ವೀಪದ ಬಡಗಿ ಕಾರ್ಖಾನೆಯೊಂದರಲ್ಲಿ ತಯಾರಿಸಿ, ತಂದು, 1952ರ ಬೇಸಿಗೆಯಲ್ಲಿ ಜೋಡಿಸಲಾಯಿತು. ಹೊರಗೆ ತೊಗಟೆ ಸಮೇತ ಸೀಳಿದ ಪೈನ್ ಮರ, ಒಳಗೆ ಪ್ಲೈವುಡ್. 70 ಸೆಂಟಿಮೀಟರಿನ ಚೌಕ ಕಿಟಕಿಗಳು. ಅವುಗಳ ಮಡಿಸುವ ಕದದ ಒಳಮೈಗೆ ಕನ್ನಡಿ ಹಚ್ಚಿ, ಸಮುದ್ರದ ಬೆಳಕನ್ನು ಒಳಕ್ಕೆ ತಿರುಗಿಸುವ ಉಪಾಯ. ಮಂಚ, ಮೇಜು, ಕಪಾಟು, ಒಂದು ಕೈತೊಳೆಯುವ ಬೇಸಿನ್, ಪರದೆಯ ಹಿಂದೆ ಶೌಚ. ಅಡಿಗೆಮನೆಯೇ ಇಲ್ಲ! ಗೋಡೆಯಲ್ಲೊಂದು ಬಾಗಿಲು ನೇರವಾಗಿ ರೆಬುತಾತೊನ ಹೋಟೆಲಿಗೆ ತೆರೆಯುತ್ತಿತ್ತು. ಚಿಕ್ಕ ಮನೆಯ ಗುಟ್ಟು ಅರ್ಧ ಇಲ್ಲಿದೆ. ಊಟ ಪಕ್ಕದ ಮನೆಯಲ್ಲಿ, ಸ್ನಾನ ಸಮುದ್ರದಲ್ಲಿ, ಕೆಲಸ ಹತ್ತಿರವೇ ಹಾಕಿಕೊಂಡ ಇನ್ನೊಂದು ಪುಟ್ಟ ಶೆಡ್ಡಿನಲ್ಲಿ. ಇಷ್ಟನ್ನು ಹೊರಗೆ ಹಾಕಿದರೆ ಹನ್ನೆರಡಡಿ ಸಾಕು. ಜಾಗ ಕೊಟ್ಟ ಋಣಕ್ಕೆ ಆತ ರೆಬುತಾತೊಗೆ 1957ರಲ್ಲಿ ಪ್ರವಾಸಿಗರು ತಂಗುವ ಐದು ಪುಟ್ಟ ಕೋಣೆಗಳನ್ನು ಕಟ್ಟಿಸಿಕೊಟ್ಟ. ಅದೇ ವರ್ಷ ಇವೊನ್ ತೀರಿಕೊಂಡಳು. ಉಡುಗೊರೆಯ ಮನೆ ಅವಳಿಗೆ ದಕ್ಕಿದ್ದು ಐದಾರು ಬೇಸಿಗೆ ಮಾತ್ರ. ಅಲ್ಲಿಂದ ಮುಂದೆ ಅದು ಒಬ್ಬನ ಮನೆಯಾಯಿತು. 1965ರ ಆಗಸ್ಟ್ 27ರಂದು ಆತ ಎಂದಿನಂತೆ ಕೆಳಗಿಳಿದು ಈಜಲು ಹೋದವನು ಮರಳಲಿಲ್ಲ. ಊರಿನ ಮೇಲಿರುವ ಸ್ಮಶಾನದಲ್ಲಿ, ಆತನೇ ರೂಪಿಸಿದ್ದ ಸಮಾಧಿಯಲ್ಲಿ ಇಬ್ಬರೂ ಇದ್ದಾರೆ.

ಇ.1027ರ ಮುಂದಿನ ದಿನಗಳು ಸುಖಕರವಾಗಿರಲಿಲ್ಲ. 1956ರಲ್ಲಿ ಬದೋವಿಚಿ ಸತ್ತ. ಮನೆ ಕೈ ಬದಲಾಯಿಸಿತು. 1996ರಲ್ಲಿ ಅಲ್ಲೊಂದು ಕೊಲೆಯೂ ನಡೆಯಿತು. ಪಾಳುಬಿದ್ದ ಕಟ್ಟಡವನ್ನು 1999ರಲ್ಲಿ ಫ್ರಾನ್ಸಿನ ಸರ್ಕಾರಿ ಕರಾವಳಿ ಸಂರಕ್ಷಣಾ ಸಂಸ್ಥೆ ಕೊಂಡುಕೊಂಡಿತು. ಅದಕ್ಕೂ ಮೊದಲು ದಶಕಗಳ ಕಾಲ ಮನೆಯ ಬಗ್ಗೆ ಬರೆದವರು ಅದರ ಕೀರ್ತಿಯನ್ನು ಬದೋವಿಚಿಗೆ, ಕೆಲವೊಮ್ಮೆ ಲ ಕಾರ್ಬೂಸಿಯೆಗೇ ಸಲ್ಲಿಸಿದ್ದುಂಟು. 1968ರಲ್ಲಿ ಇತಿಹಾಸಕಾರ ಜೋಸೆಫ್ ರಿಕ್‌ವರ್ಟ್ ಇಟಲಿಯ ‘ಡೊಮಸ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಗ್ರೇಯ ಹೆಸರು ಮತ್ತೆ ಬೆಳಕಿಗೆ ಬಂತು. ಆಗ ಆಕೆಗೆ ಸುಮಾರು ತೊಂಬತ್ತು. 1976ರಲ್ಲಿ, 98ರ ಹರೆಯದಲ್ಲಿ ಪ್ಯಾರಿಸ್ಸಿನಲ್ಲಿ ನಿಧನಳಾದಳು.

ಕಬಾನೊಂ 2016ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಏಳು ದೇಶಗಳ 17 ತಾಣಗಳ ಆ ಗುಚ್ಛದಲ್ಲಿ ಚಂಡೀಗಢದ ಕ್ಯಾಪಿಟಲ್ ಸಮುಚ್ಚಯವೂ ಇದೆ. ಇ.1027 ಅದರಲ್ಲಿಲ್ಲ, ಅದು ಬೇರೆಯವಳ ಕೃತಿ. ವರ್ಷಗಟ್ಟಲೆ ನಡೆದ ದುರಸ್ತಿಯ ಬಳಿಕ ಅದೂ ಈಗ ನೋಡುಗರಿಗೆ ತೆರೆದಿದೆ. ದುರಸ್ತಿಯ ಹೊತ್ತಿನಲ್ಲಿ ಎದ್ದ ಅತಿ ಕಷ್ಟದ ಪ್ರಶ್ನೆ ಸಿಮೆಂಟು, ತುಕ್ಕಿನದಲ್ಲ, ಆ ಚಿತ್ರಗಳದು. ಗೋಡೆಯನ್ನು ಗ್ರೇಯ ಬಿಳುಪಿಗೆ ಮರಳಿಸಬೇಕೋ, ಚಿತ್ರಗಳನ್ನು ಉಳಿಸಬೇಕೋ? ಅವು ಲ ಕಾರ್ಬೂಸಿಯೆಯ ಕೈಯವು, ಕಾನೂನಿನ ರಕ್ಷಣೆಯುಳ್ಳವು. ಪೀಠೋಪಕರಣಗಳನ್ನು ಗ್ರೇಯ ಮೂಲ ವಿನ್ಯಾಸದಂತೆ ಹೊಸದಾಗಿ ಮಾಡಿಸಿ ಇಡಲಾಯಿತು. ಉಳಿದುಕೊಂಡಿದ್ದ ಚಿತ್ರಗಳನ್ನು ಮಾತ್ರ ಅಳಿಸಲಿಲ್ಲ.