ಮಾಡಿಸಿದವರು ಮತ್ತು ಮಾಡಿದವರು

ನಮ್ಮ ನಾಡಿನ ಬಸದಿಗಳ ಇತಿಹಾಸವನ್ನು ತಿಳಿಯಲು ಶಾಸನಗಳೇ ಮುಖ್ಯ ಆಧಾರ. ಈ ಶಾಸನಗಳಲ್ಲಿ ಮೇಲಿಂದ ಮೇಲೆ ಬರುವ ಮಾತು ‘ಮಾಡಿಸಿದ’ ಎಂಬುದು. ಇಂಥವರು ಬಸದಿಯನ್ನು ಮಾಡಿಸಿದರು, ಇಂಥವರು ಭೂಮಿಯನ್ನು ಬಿಟ್ಟರು ಎಂದು ದಾನಿಗಳ ಪುಣ್ಯಕಾರ್ಯವನ್ನು ಕಲ್ಲು ಸಾರುತ್ತದೆ. ಮಾಡಿಸಿದವರು ಇದ್ದ ಮೇಲೆ ಮಾಡಿದವರೂ ಇದ್ದಿರಲೇಬೇಕಷ್ಟೆ. ನೆಲವನ್ನು ಪರೀಕ್ಷಿಸಿ, ಸೂತ್ರ ಹಿಡಿದು, ಕಲ್ಲನ್ನು ಆರಿಸಿ, ಬೆಳಕು ಎಲ್ಲಿಂದ ಬರಬೇಕೆಂದು ನಿರ್ಣಯಿಸಿದ ಆ ಸೂತ್ರಧಾರಿಗಳ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳುವುದು ಈ ಪ್ರತಿಷ್ಠಾ ಮಹೋತ್ಸವದ ಸಂದರ್ಭಕ್ಕೆ ಉಚಿತವೆಂದು ಭಾವಿಸುತ್ತೇನೆ.

ಐಹೊಳೆಯ ಗುಡ್ಡದ ಮೇಲಿನ ಮೇಗುತಿ ಜಿನಾಲಯವನ್ನು ಕ್ರಿ.ಶ. 634ರಲ್ಲಿ, ಇಮ್ಮಡಿ ಪುಲಕೇಶಿಯ ಆಳ್ವಿಕೆಯಲ್ಲಿ, ಕವಿ ರವಿಕೀರ್ತಿಯು ಮಾಡಿಸಿದನು. ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು ಕ್ರಿ.ಶ. 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಮಾಡಿಸಿದಳು. ಈ ಎರಡು ಹೆಸರುಗಳನ್ನು ಅರಿಯದ ಜೈನ ಮನೆ ನಮ್ಮಲ್ಲಿ ವಿರಳ. ಆದರೆ ಆ ಜಿನಾಲಯಗಳ ಗೋಡೆಗಳನ್ನು ಎತ್ತಿದ ಕೈಗಳನ್ನು ನಾವು ಸ್ಮರಿಸುವುದಿಲ್ಲ.

ಸೂತ್ರಧಾರಿಗಳ ಹೆಸರು ಹೇಳುವ ರೂಢಿಯೇ ನಮ್ಮ ನಾಡಿನಲ್ಲಿ ಇರಲಿಲ್ಲವೆಂದಲ್ಲ. ಐಹೊಳೆಯ ಒಂದು ಶಾಸನವು ನರಸೊಬ್ಬನೆಂಬ ಕುಶಲಿಯನ್ನು ಕೊಂಡಾಡುತ್ತ, ಮನೆಗಳನ್ನೂ ದೇಗುಲಗಳನ್ನೂ ಕಟ್ಟುವ ವಿದ್ಯೆಯಲ್ಲಿ ಅವನಿಗೆ ಸಮನಾದವನು ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂದು ಸಾರುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು 8ನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಮಾಡಿಸಿದಳು. ಅದನ್ನು ಕಟ್ಟಿದ ಗುಂಡನೆಂಬ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ದೊರೆಯಿತು. ಅಲ್ಲಿಯ ಇನ್ನೊಂದು ಶಾಸನವು ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದಿಕ್ಕಿನ ಸೂತ್ರಧಾರಿಯೆಂದು ಹೊಗಳಿ, ಪುರ, ಮನೆ, ಪ್ರಾಸಾದ, ವಾಹನ, ಆಸನ, ಶಯನಗಳೆಲ್ಲವನ್ನೂ ಅವನ ಕೀರ್ತಿಗೆ ಸೇರಿಸಿ ಹೇಳುತ್ತದೆ. ಇವು ಶಿವಾಲಯಗಳ ಶಾಸನಗಳಾದರೂ ಶಿಲ್ಪವಿದ್ಯೆಗೆ ಮತಭೇದವಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಮನೆ ಕಟ್ಟುವುದು ಸಣ್ಣ ಕೆಲಸ, ದೇಗುಲ ಕಟ್ಟುವುದು ದೊಡ್ಡ ಕೆಲಸ ಎಂದು ಆ ಕಾಲದವರು ಬೇರ್ಪಡಿಸಲಿಲ್ಲ. ಸೂತ್ರಧಾರಿಯ ದೃಷ್ಟಿಯಲ್ಲಿ ಎರಡಕ್ಕೂ ಲೆಕ್ಕ ಒಂದೇ. ನಮ್ಮ ಹೆಬ್ಬಳ್ಳಿಯ ಕಡೆಯ ಹಳೆಯ ಮನೆಗಳನ್ನು ಇಂದಿಗೂ ಹಿರಿಯರು ‘ಇಷ್ಟು ಅಂಕಣದ ಮನೆ’ ಎಂದೇ ಅಳೆಯುತ್ತಾರೆ. ಬಸದಿಯ ನವರಂಗವೂ ನಡುವಿನ ನಾಲ್ಕು ಕಂಬಗಳಿಂದ ಒಂಬತ್ತು ಅಂಕಣಗಳಾಗಿ ವಿಭಾಗವಾದುದೇ. ಮನೆಯಲ್ಲಿ ಕಟ್ಟೆ, ಪಡಸಾಲೆ, ದೇವರಮನೆ. ಬಸದಿಯಲ್ಲಿ ಮುಖಮಂಟಪ, ನವರಂಗ, ಗರ್ಭಗೃಹ. ಹೊರಗಿನವನು ಎಲ್ಲಿ ಕೂಡಬೇಕು, ಒಳಗಿನವನು ಎಲ್ಲಿ ನಡೆಯಬೇಕು ಎಂಬ ವಿವೇಚನೆಯೇ ಎರಡಕ್ಕೂ ತಳಹದಿ.

ಎರಡನೆಯ ವಿವೇಚನೆ ನೆಲ ಮತ್ತು ಸಾಮಗ್ರಿಯದು. ಎರೆಭೂಮಿಯು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಆದ್ದರಿಂದ ಎರೆಯನ್ನು ದಾಟಿ ಗಟ್ಟಿ ನೆಲ ಸಿಕ್ಕುವವರೆಗೆ ಪಾಯ ತೆಗೆಯಬೇಕೆಂಬುದನ್ನು ನಮ್ಮ ಭಾಗದ ಗೌಂಡಿಗಳು ಅನುಭವದಿಂದಲೇ ಬಲ್ಲರು. ಕಲ್ಲಿನ ವಿಷಯವೂ ಹಾಗೆಯೇ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಮರಳುಗಲ್ಲು ಹೇರಳವಾಗಿದ್ದುದರಿಂದ ಅಲ್ಲಿ ದೊಡ್ಡ ದೊಡ್ಡ ಬಂಡೆಗಳ ಭಾರವಾದ ಗೋಡೆಗಳೆದ್ದವು. ಧಾರವಾಡ ಸೀಮೆಯ ಶಿಲೆ ಬೇರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿ ಈ ಶಿಲಾವರ್ಗಕ್ಕೆ ಧಾರವಾಡದ ಹೆಸರನ್ನೇ ಇಟ್ಟನು. ಬಳಪದ ಕಲ್ಲೆಂದು ನಾವು ಕರೆಯುವ, ನುಣುಪಾದ ಕಣಗಳ ಈ ಹಸುರು ಛಾಯೆಯ ಕಲ್ಲನ್ನು ಬಳಸಿದ ಆರಂಭದ ದೊಡ್ಡ ಕಟ್ಟಡಗಳಲ್ಲಿ ಲಕ್ಕುಂಡಿಯ ಜಿನಾಲಯವೂ ಒಂದು. ಮರಳುಗಲ್ಲಿನಷ್ಟು ದೊಡ್ಡ ಬಂಡೆಗಳು ಇದರಲ್ಲಿ ಬೇಕಾಗಿಲ್ಲ, ಉಳಿಗೆ ಸುಲಭವಾಗಿ ಒಗ್ಗುತ್ತದೆ. ಅದರಿಂದ ಕಂಬಗಳನ್ನು ತಿರುಗಣಿಯಲ್ಲಿ ತಿರುವಿ ಕಡೆಯುವುದೂ ಗೋಡೆಗಳಲ್ಲಿ ಸೂಕ್ಷ್ಮ ಕೆತ್ತನೆಯೂ ಸಾಧ್ಯವಾದವು. ಅಣ್ಣಿಗೇರಿಯ ಅಮೃತೇಶ್ವರ, ಕ್ರಿ.ಶ. 1112ರ ಇಟಗಿಯ ಮಹಾದೇವ ದೇವಾಲಯಗಳಲ್ಲಿ ಈ ಮಾರ್ಗವೇ ಬೆಳೆಯಿತು. ಅತ್ತಿಮಬ್ಬೆಯ ಔದಾರ್ಯಕ್ಕೆ ಅರಿವುಳ್ಳ ಸೂತ್ರಧಾರಿಯ ಜೊತೆ ದೊರೆತದ್ದರಿಂದ ಒಂದು ಶೈಲಿಗೇ ದಾರಿ ತೆರೆಯಿತು ಎನ್ನಬಹುದು.

ಮೂರನೆಯದು ಬೆಳಕು. ಮೇಲ್ಮುದ್ದೆಯ ಮನೆಯಲ್ಲಿ ದಪ್ಪ ಮಣ್ಣಿನ ಗೋಡೆ ಬಿಸಿಲನ್ನು ತಡೆದರೆ, ಮಾಳಿಗೆಯ ಗವಾಕ್ಷಿ ಅಡಿಗೆಮನೆಗೆ ಬೇಕಾದಷ್ಟೇ ಬೆಳಕನ್ನು ಇಳಿಸುತ್ತದೆ. ಬಸದಿಯಲ್ಲಿ ತೆರೆದ ಮಂಟಪದ ಪ್ರಕಾಶದಿಂದ ನವರಂಗದ ಮಬ್ಬಿಗೆ, ಅಲ್ಲಿಂದ ಗರ್ಭಗೃಹದ ಕತ್ತಲೆಗೆ ಕ್ರಮಕ್ರಮವಾಗಿ ಸಾಗುತ್ತೇವೆ. ಕಣ್ಣು ಶಾಂತವಾದ ಮೇಲೆ ದೀಪದ ಬೆಳಕಿನಲ್ಲಿ ಜಿನಬಿಂಬದ ದರ್ಶನವಾಗುತ್ತದೆ. ಇದು ಕಿಟಕಿ ಇಡಲು ಬಾರದವರ ಕೆಲಸವಲ್ಲ. ಪಟ್ಟದಕಲ್ಲಿನಲ್ಲಿ ಬಗೆಬಗೆಯ ಜಾಲಂಧ್ರಗಳನ್ನು ಕೊರೆದವರಿಗೆ ಬೆಳಕನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು.

ಇಂಥ ವಿವೇಕವನ್ನು ಮರೆತುದರ ಫಲವನ್ನು ಇಂದು ಅನೇಕ ಊರುಗಳಲ್ಲಿ ಕಾಣುತ್ತೇವೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಂಬಗಳಿಗೆ ಎಣ್ಣೆಬಣ್ಣ ಬಳಿಯುತ್ತಾರೆ, ನುಣುಪುಗಲ್ಲಿನ ಮೇಲೆ ಟೈಲ್ಸ್ ಅಂಟಿಸುತ್ತಾರೆ, ಹಳೆಯ ಗೋಡೆ ತಾಳದಷ್ಟು ಸಿಮೆಂಟಿನ ಭಾರವನ್ನು ಮೇಲೆ ಹೇರುತ್ತಾರೆ. ಬಣ್ಣದ ಕೆಳಗೆ ತೇವವು ಸಿಕ್ಕಿಕೊಂಡು ಕಲ್ಲು ಪದರಪದರವಾಗಿ ಏಳುತ್ತದೆ, ಶಾಸನಗಳ ಅಕ್ಷರಗಳು ಮುಚ್ಚಿಹೋಗುತ್ತವೆ. ಭಕ್ತಿಯಲ್ಲಿ ಕೊರತೆಯಿದೆಯೆಂದು ಹೀಗಾಗುತ್ತಿಲ್ಲ, ಬಲ್ಲವರನ್ನು ಕೇಳುವ ಪದ್ಧತಿ ಬಿಟ್ಟುಹೋದುದರಿಂದ ಹೀಗಾಗುತ್ತಿದೆ. ದಾನಿಗಳಾದ ನಾವು ಹಣ ಕೊಟ್ಟೊಡನೆ ನಕಾಶೆಯನ್ನೂ ತಿದ್ದಲು ಅಧಿಕಾರ ಬಂದಿತೆಂದು ತಿಳಿಯುತ್ತೇವೆ. ಅತ್ತಿಮಬ್ಬೆಗಿಂತ ದೊಡ್ಡ ದಾನಿಗಳು ನಾವಾರೂ ಅಲ್ಲ.

ವ್ಯಾಪಾರಸ್ಥನ ಕೀರ್ದಿಯಲ್ಲಿ ಜಮಾ ಮತ್ತು ಖರ್ಚು ಎರಡೂ ಬಾಜುಗಳನ್ನು ಬರೆಯದಿದ್ದರೆ ಲೆಕ್ಕ ಮುಗಿಯುವುದಿಲ್ಲ. ಬಸದಿಯ ಶಿಲಾಫಲಕವೂ ಒಂದು ಲೆಕ್ಕವೇ. ಅದರಲ್ಲಿ ಕೊಟ್ಟವರ ಹೆಸರುಗಳಿರುವಂತೆ, ನಕಾಶೆ ಬರೆದವರು, ಬಿಂಬ ಕಡೆದವರು, ಗೋಡೆ ಎತ್ತಿದ ಗೌಂಡಿಗಳ ಹೆಸರುಗಳೂ ಇರಲಿ. ಯಾವ ಕಲ್ಲು, ಯಾವ ಊರಿನ ಗಣಿ ಎಂಬುದೂ ಒಂದು ಸಾಲಿನಲ್ಲಿ ಇರಲಿ. ಮುಂದೆ ನೂರಾರು ವರ್ಷಗಳ ನಂತರ ಇದೇ ಬಸದಿಯ ಜೀರ್ಣೋದ್ಧಾರಕ್ಕೆ ನಿಲ್ಲುವ ಶ್ರಾವಕರಿಗೆ ಆ ಒಂದು ಸಾಲು ದಾರಿ ತೋರುವುದು. ನರಸೊಬ್ಬನ ನಾಡಿನವರಾದ ನಮಗೆ ಈ ಕರ್ತವ್ಯವು ಹೊಸದೇನೂ ಅಲ್ಲ.